ವಿಯೆನ್ನಾ ನಗರದ ಚಿತ್ರಶಾಲೆಗಳು

ಯೂರೋಪಿನ ರಾಜಧಾನಿಗಳನ್ನು ಸಂದರ್ಶಿಸಿ ಬಂದವರ ಬರವಣಿಗೆಗಳಲ್ಲಿ ಅಲ್ಲಿನ ವಸ್ತುಸಂಗ್ರಹಾಲಯಗಳು ಬಹುಮಟ್ಟಿಗೆ ಎಣಿಕೆಯ ವಿಷಯಗಳಾಗಿ ಬರುತ್ತವೆ. ಇಷ್ಟು ಕೋಣೆಗಳು, ಇಷ್ಟು ಚಿತ್ರಗಳು, ಇಷ್ಟು ಪ್ರತಿಮೆಗಳು, ಇವೆಲ್ಲವನ್ನೂ ನೋಡಿ ಮುಗಿಸಲು ಹಿಡಿದ ಹೊತ್ತು ಇಷ್ಟು, ಬಂದ ಕಾಲುನೋವು ಇಷ್ಟು ಎಂದು ಹೇಳಿ ಲೇಖನವು ಮುಂದಿನ ಊರಿಗೆ ಸಾಗುವುದುಂಟು. ಇದು ಮಹಾಕಾವ್ಯವೊಂದನ್ನು ಓದಿದವನು ಅದರಲ್ಲಿ ಇಷ್ಟು ಆಶ್ವಾಸಗಳಿವೆ, ಇಷ್ಟು ಪದ್ಯಗಳಿವೆ ಎಂದು ವರದಿ ಮಾಡಿದಂತೆ. ಲೆಕ್ಕವು ಸರಿಯಾಗಿಯೇ ಇರಬಹುದು. ಕಾವ್ಯವು ಮಾತ್ರ ಲೆಕ್ಕದ ಹೊರಗೇ ಉಳಿದಿರುತ್ತದೆ. ಚಿತ್ರಶಾಲೆಯೆಂಬುದೂ ಒಂದು ರಚನೆ. ಯಾರೋ ಆರಿಸಿದ್ದಾರೆ, ಯಾರೋ ಜೋಡಿಸಿದ್ದಾರೆ, ಯಾವುದನ್ನೋ ಬೆಳಕಿನಲ್ಲಿಟ್ಟು ಯಾವುದನ್ನೋ ನೆಲಮಾಳಿಗೆಗೆ ಇಳಿಸಿದ್ದಾರೆ. ಆದುದರಿಂದ ಕಾವ್ಯಕ್ಕೆ ಸಲ್ಲುವ ವಿಮರ್ಶೆಯು ಅದಕ್ಕೂ ಸಲ್ಲತಕ್ಕದ್ದು.

ಅಂತಹ ವಿಮರ್ಶೆಯು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಇಲ್ಲಿ ಇರುವುದೇನು? ಅದನ್ನು ಇಟ್ಟಿರುವ ಕ್ರಮವೇನು? ಅದು ಇಲ್ಲಿಗೆ ಬಂದುದು ಹೇಗೆ? ಮೊದಲನೆಯದು ರಸಜ್ಞನ ಪ್ರಶ್ನೆ, ಎರಡನೆಯದು ವಿದ್ವಾಂಸನ ಪ್ರಶ್ನೆ, ಮೂರನೆಯದು ನ್ಯಾಯಸ್ಥಾನದ ಪ್ರಶ್ನೆ ಎಂದು ಹಂಚಿಬಿಡುವುದು ವಾಡಿಕೆ. ಚಿತ್ರದ ಮುಂದೆ ನಿಂತು ಆನಂದಪಡುವವನಿಗೆ ಅದು ಯಾರ ಮನೆಯಿಂದ ಬಂದರೇನು ಎಂದು ಕೇಳುವವರು ಬಹು ಮಂದಿ ಇದ್ದಾರೆ. ಈ ಹಂಚಿಕೆಯು ನಿಲ್ಲಲಾರದೆಂಬುದನ್ನು ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾ ನಗರವು ಬಹು ಸ್ಪಷ್ಟವಾಗಿ ತೋರಿಸಿಕೊಡುತ್ತದೆ. ಅಲ್ಲಿನ ಅನೇಕ ಚಿತ್ರಗಳಲ್ಲಿ ವಸ್ತುವು ಬಂದ ದಾರಿಯು ಅದರ ಅರ್ಥದೊಳಗೇ ಹೆಣೆದುಕೊಂಡಿದೆ. ದಾರಿಯನ್ನು ಅರಿಯದವನು ಚಿತ್ರವನ್ನೂ ಅರ್ಧವೇ ಕಂಡವನಾಗುತ್ತಾನೆ.

ವಿಯೆನ್ನಾ ಶತಮಾನಗಳ ಕಾಲ ಹ್ಯಾಬ್ಸ್‌ಬರ್ಗ್ ವಂಶದ ಚಕ್ರವರ್ತಿಗಳಿಗೆ ರಾಜಧಾನಿಯಾಗಿದ್ದ ನಗರ. ೧೮೫೭ನೆಯ ಇಸವಿಯ ಕೊನೆಯಲ್ಲಿ ಫ್ರಾನ್ಸ್ ಜೋಸೆಫ್ ಚಕ್ರವರ್ತಿಯು ಹಳೆಯ ಕೋಟೆಯ ಗೋಡೆಗಳನ್ನು ಕೆಡವಲು ಆಜ್ಞೆ ಮಾಡಿದನು. ಆ ಸ್ಥಳದಲ್ಲಿ ನಗರವನ್ನು ಬಳಸಿಕೊಂಡು ಹೋಗುವ ವಿಶಾಲವಾದ ವರ್ತುಲಮಾರ್ಗವು ಹುಟ್ಟಿತು. ಅದರ ಪಕ್ಕದಲ್ಲಿ, ಮರಿಯಾ ಥೆರೇಸಾ ರಾಣಿಯ ಪ್ರತಿಮೆಯಿರುವ ಚೌಕದ ಎರಡು ಕಡೆಗಳಲ್ಲಿ, ಅವಳಿ ಮಕ್ಕಳಂತೆ ಎದುರುಬದುರಾಗಿ ಎರಡು ಸಂಗ್ರಹಾಲಯಗಳು ನಿಂತಿವೆ. ಒಂದು ಪ್ರಕೃತಿಶಾಸ್ತ್ರದ್ದು, ೧೮೮೯ರಲ್ಲಿ ತೆರೆದುದು. ಇನ್ನೊಂದು ಕಲಾಚರಿತ್ರೆಯದು, ೧೮೯೧ರಲ್ಲಿ ತೆರೆದುದು. ಗಾಟ್‌ಫ್ರೀಡ್ ಸೆಂಪರ್, ಕಾರ್ಲ್ ಹಾಸೆನೌವರ್ ಎಂಬ ಇಬ್ಬರು ಶಿಲ್ಪಿಗಳು ಇವನ್ನು ಯೋಜಿಸಿದರು. ೧೯೧೮ರಲ್ಲಿ ಸಾಮ್ರಾಜ್ಯವು ಮುರಿದುಬಿದ್ದ ಮೇಲೆ ಇವೆರಡೂ ಗಣರಾಜ್ಯದ ಆಸ್ತಿಯಾದುವು. ಒಂದು ಮನೆತನದವರು ತಮಗಾಗಿ ಕೂಡಿಹಾಕಿದುದು ಹೀಗೆ ಪ್ರಜೆಗಳ ಪಾಲಾಯಿತು.

ಈ ಕೂಡಿಹಾಕಿದವರಲ್ಲಿ ಮುಖ್ಯನಾದವನು ಆರ್ಚ್‌ಡ್ಯೂಕ್ ಲಿಯೊಪೋಲ್ಡ್ ವಿಲ್ಹೆಲ್ಮ್. ಇವನು ೧೬೪೭ರಿಂದ ೧೬೫೬ರ ವರೆಗೆ ಬ್ರಸೆಲ್ಸ್ ನಗರದಲ್ಲಿ ಸ್ಪೇನಿನ ಅಧೀನದ ನೆದರ್ಲೆಂಡ್ಸ್ ಪ್ರಾಂತಗಳ ಆಡಳಿತಾಧಿಕಾರಿಯಾಗಿದ್ದನು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧವು ನಡೆದು, ೧೬೪೯ರಲ್ಲಿ ಚಾರ್ಲ್ಸ್ ದೊರೆಯ ಶಿರಚ್ಛೇದವಾಯಿತು. ಅವನ ಪಕ್ಷದ ಹ್ಯಾಮಿಲ್ಟನ್ ಡ್ಯೂಕನಿಗೂ ಅದೇ ವರ್ಷ ಅದೇ ಗತಿಯಾಯಿತು. ಆ ಡ್ಯೂಕನ ಸಂಗ್ರಹದಲ್ಲಿದ್ದ ವೆನಿಸ್ ದೇಶದ ಅಮೂಲ್ಯ ಚಿತ್ರಗಳು ಮಾರಾಟಕ್ಕೆ ಬಂದುವು. ಲಿಯೊಪೋಲ್ಡ್ ವಿಲ್ಹೆಲ್ಮನು ಅವನ್ನು ಕೊಂಡನು. ಒಬ್ಬನ ತಲೆ ಬಿದ್ದುದರಿಂದ ಇನ್ನೊಬ್ಬನ ಗೋಡೆ ತುಂಬಿತು. ಆ ಗೋಡೆಯನ್ನು ಈಗಲೂ ನೋಡಬಹುದು. ಅವನ ಆಸ್ಥಾನ ಚಿತ್ರಕಾರನಾದ ಡೇವಿಡ್ ಟೆನಿಯರ್ಸ್ ಎಂಬವನು ಆರ್ಚ್‌ಡ್ಯೂಕನು ತನ್ನ ಚಿತ್ರಶಾಲೆಯಲ್ಲಿ ನಿಂತಿರುವಂತೆ ಬರೆದ ಚಿತ್ರವು ವಿಯೆನ್ನಾದಲ್ಲಿದೆ. ನೆಲದಿಂದ ಸೂರಿನ ವರೆಗೆ ಚಿತ್ರಗಳು ಒಂದಕ್ಕೊಂದು ಅಂಟಿಕೊಂಡಂತೆ ತೂಗುತ್ತಿವೆ. ಅವುಗಳಲ್ಲಿ ಹಲವನ್ನು ಅದೇ ಕಟ್ಟಡದಲ್ಲಿ ಕೆಲವು ಕೋಣೆಗಳಾಚೆ ಗುರುತಿಸಬಹುದು. ಒಡೆಯನು ಟೋಪಿ ಧರಿಸಿ ನಿಂತಿದ್ದಾನೆ, ಚಿತ್ರಗಳು ಅವನ ಸೈನಿಕರಂತೆ ಸಾಲುಗಟ್ಟಿವೆ. ಸಂಗ್ರಹವೆಂದರೆ ಪ್ರಭುತ್ವದ ಒಂದು ರೂಪವೆಂಬುದನ್ನು ಇಷ್ಟು ನಿಸ್ಸಂಕೋಚವಾಗಿ ಹೇಳುವ ಚಿತ್ರಗಳು ವಿರಳ.

ಇಟ್ಟಿರುವ ಕ್ರಮದ ಪ್ರಶ್ನೆಯಲ್ಲಿಯೂ ವಿಯೆನ್ನಾಕ್ಕೆ ಚರಿತ್ರೆಯಲ್ಲಿ ದೊಡ್ಡ ಸ್ಥಾನವಿದೆ. ಎರಡನೆಯ ಜೋಸೆಫ್ ಚಕ್ರವರ್ತಿಯ ಕಾಲದಲ್ಲಿ, ೧೭೮೧ರ ಸುಮಾರಿಗೆ, ಅರಮನೆಯ ಚಿತ್ರಗಳನ್ನು ಬೆಲ್ವೆಡೇರ್ ಸೌಧದಲ್ಲಿ ಜನಸಾಮಾನ್ಯರ ನೋಟಕ್ಕೆ ತೆರೆದಿಟ್ಟರು. ಅವನ್ನು ಜೋಡಿಸುವ ಕೆಲಸವು ಕ್ರಿಸ್ತಿಯಾನ್ ಫಾನ್ ಮೆಹೆಲ್ ಎಂಬವನ ಪಾಲಿಗೆ ಬಂತು. ಅದುವರೆಗೆ ಚಿತ್ರಗಳನ್ನು ಅಳತೆಗೂ ಅಂದಕ್ಕೂ ಒಪ್ಪುವಂತೆ ಬೆರೆಸಿ ತೂಗುಹಾಕುತ್ತಿದ್ದರು. ಮೆಹೆಲನು ದೇಶದೇಶಗಳ ಸಂಪ್ರದಾಯಗಳನ್ನು ಬೇರ್ಪಡಿಸಿ, ಒಂದೊಂದರೊಳಗೂ ಕಾಲಾನುಕ್ರಮವನ್ನು ಅನುಸರಿಸಿದನು. ಕಣ್ಣಿಗೆ ಕಾಣುವ ಚರಿತ್ರೆಯೊಂದು ಗೋಡೆಗಳ ಮೇಲೆ ಹರಡಿತು. ರಸಿಕನನ್ನು ಬಿಟ್ಟು ಚರಿತ್ರಕಾರನನ್ನು ಮೆಚ್ಚಿಸುವ ಕ್ರಮವಿದು ಎಂದು ಅಂದಿನ ಕೆಲವರು ಆಕ್ಷೇಪಿಸಿದರು. ಆದರೂ ಮುಂದೆ ಲೋಕದ ದೊಡ್ಡ ಚಿತ್ರಶಾಲೆಗಳಲ್ಲಿ ನೆಲೆಯಾದುದು ಈ ಬಗೆಯ ಕ್ರಮವೇ. ಕವಿಚರಿತೆಯ ಕ್ರಮದಲ್ಲಿ ಕಾವ್ಯವನ್ನೋದುವ ಅಭ್ಯಾಸಕ್ಕೆ ಇದನ್ನು ಹೋಲಿಸಬಹುದು: ಯಾವುದರ ಹಿಂದೆ ಯಾವುದು ಬಂತೆಂಬ ತಿಳಿವು ದೊರೆಯುತ್ತದೆ, ಯಾವುದು ಹೃದಯವನ್ನು ಮುಟ್ಟಿತೆಂಬ ಮಾತು ಓದುಗನಿಗೇ ಬಿಟ್ಟದ್ದು.

ಇಂದಿನ ಕಟ್ಟಡದ ವಿಷಯದಲ್ಲಿ ಒಂದು ಆಕ್ಷೇಪಣೆಯನ್ನು ಹೇಳಲೇಬೇಕಾಗಿದೆ. ಒಳಹೊಕ್ಕವನನ್ನು ಮೊದಲು ಎದುರುಗೊಳ್ಳುವುದು ಅಮೃತಶಿಲೆಯ ಮಹಾಸೋಪಾನ. ಅದರ ನಡುವೆ ಕನೋವಾ ಎಂಬ ಶಿಲ್ಪಿಯ ಥೀಸಿಯಸ್, ಮೇಲೆ ಮುಂಕಾಚಿಯು ಬರೆದ ಸೂರಿನ ಚಿತ್ರ, ಕಂಬಗಳ ಸಂದುಗಳಲ್ಲಿ ಆಗಿನ್ನೂ ಯುವಕನಾಗಿದ್ದ ಗುಸ್ತಾವ್ ಕ್ಲಿಮ್ಟ್ ಮತ್ತು ಅವನ ಸಂಗಡಿಗರ ಅಲಂಕಾರಚಿತ್ರಗಳು, ಎಲ್ಲೆಲ್ಲಿಯೂ ಚಿನ್ನದ ಲೇಪ. ಇವು ಬಿಡಿಬಿಡಿಯಾಗಿ ಕೊಂಡಾಡತಕ್ಕವೇ. ಆದರೆ ಔಚಿತ್ಯವೆಂಬ ಗುಣವನ್ನು ಕಾವ್ಯದ ಜೀವವೆಂದು ಎಣಿಸಿದ ಕ್ಷೇಮೇಂದ್ರನು ಇಲ್ಲಿಗೆ ಬಂದಿದ್ದರೆ ತಲೆದೂಗುತ್ತಿದ್ದನೋ ತಲೆಯಾಡಿಸುತ್ತಿದ್ದನೋ ಹೇಳಬರುವುದಿಲ್ಲ. ಪೀಠಿಕೆಯು ಇಷ್ಟು ಗಟ್ಟಿಯಾಗಿ ಮಾತಾಡಿದರೆ ಗ್ರಂಥದ ಮೆಲುದನಿಯು ಕೇಳಿಸುವುದೆಂತು? ಮೆಟ್ಟಿಲುಗಳನ್ನು ಹತ್ತಿ ಮುಗಿಸುವಷ್ಟರಲ್ಲಿ ಪ್ರೇಕ್ಷಕನು ಚಕ್ರವರ್ತಿಗೆ ನಮಸ್ಕರಿಸಿದ್ದಾಗಿರುತ್ತದೆ. ಚಿತ್ರಕಾರರಿಗೆ ಸಲ್ಲಿಸಬೇಕಾದುದು ಇನ್ನೂ ಬಾಕಿ.

ಆ ಮೆಲುದನಿ ಕೇಳಿಸುವ ಸ್ಥಳವೆಂದರೆ ಪೀಟರ್ ಬ್ರೂಗೆಲನ ಚಿತ್ರಗಳಿರುವ ಕೋಣೆ. ೧೫೬೯ರಲ್ಲಿ ತೀರಿಕೊಂಡ ಈ ಫ್ಲಾಂಡರ್ಸ್ ದೇಶದ ಚಿತ್ರಕಾರನ ಹನ್ನೆರಡು ವರ್ಣಚಿತ್ರಗಳು ಇಲ್ಲಿವೆ; ಅಷ್ಟು ಸಂಖ್ಯೆಯಲ್ಲಿ ಅವು ಬೇರೆಲ್ಲಿಯೂ ಒಂದೆಡೆ ಇಲ್ಲ. ಚಕ್ರವರ್ತಿಗಳ ಮನೆಯಲ್ಲಿ ಬ್ರೂಗೆಲನು ಒಕ್ಕಲಿಗರನ್ನು ತಂದು ಕೂರಿಸಿದ್ದಾನೆ. ‘ಒಕ್ಕಲಿಗರ ಮದುವೆ’ ಎಂಬ ಚಿತ್ರದಲ್ಲಿ ಕಣಜದ ಮನೆಯೇ ಚಪ್ಪರವಾಗಿದೆ. ಕದವೊಂದನ್ನು ಕಿತ್ತು ಅದರ ಮೇಲೆ ಗಂಜಿಯ ತಟ್ಟೆಗಳನ್ನಿಟ್ಟು ಇಬ್ಬರು ಹೊತ್ತು ತರುತ್ತಾರೆ. ವಾದ್ಯದವನು ಊದುವುದನ್ನು ಮರೆತು ತಟ್ಟೆಗಳ ಕಡೆ ನೋಡುತ್ತಾನೆ. ಕೆಳಗೆ ಕುಳಿತ ಮಗುವೊಂದು ಬೆರಳನ್ನು ನೆಕ್ಕುತ್ತ ಲೋಕವನ್ನು ಮರೆತಿದೆ. ಮದುಮಗಳು ಮಾತ್ರ ಕೈಗಳನ್ನು ಜೋಡಿಸಿಕೊಂಡು, ಕಣ್ಣನ್ನು ತಗ್ಗಿಸಿ, ಇವೆಲ್ಲ ತನಗಾಗಿ ನಡೆಯುತ್ತಿದೆಯೆಂಬ ತೃಪ್ತಿಯಿಂದ ಸುಮ್ಮನಿದ್ದಾಳೆ. ಬೀಗರ ಊಟದ ಪಂಕ್ತಿಯನ್ನು ಕಂಡ ಯಾರಿಗೂ ಈ ಚಿತ್ರಕ್ಕೆ ವ್ಯಾಖ್ಯಾನ ಬೇಕಾಗದು. ೧೫೬೦ರ ‘ಮಕ್ಕಳ ಆಟಗಳು’ ಎಂಬ ಚಿತ್ರದಲ್ಲಿ ಇನ್ನೂರಕ್ಕೆ ಮೀರಿದ ಮಕ್ಕಳು ಬೀದಿಯನ್ನೆಲ್ಲ ವಶಪಡಿಸಿಕೊಂಡಿದ್ದಾರೆ. ಬುಗುರಿ, ಕಣ್ಣುಕಟ್ಟಾಟ, ಮರಗಾಲು, ಉರುಳಿಸುವ ಬಳೆ, ಕಲ್ಲಾಟವನ್ನು ಹೋಲುವ ಮೂಳೆಯಾಟ ಮುಂತಾದ ಎಂಬತ್ತಕ್ಕೂ ಹೆಚ್ಚಿನ ಆಟಗಳನ್ನು ನೋಡಿದವರು ಎಣಿಸಿದ್ದಾರೆ.

ಆದರೆ ಈ ಕೋಣೆಯ ಶಿಖರವೆಂದರೆ ೧೫೬೫ರಲ್ಲಿ ಬರೆದ ‘ಹಿಮದಲ್ಲಿ ಬೇಟೆಗಾರರು’. ಮೂವರು ಬೇಟೆಗಾರರು ಬೆನ್ನು ತೋರಿಸಿ ಗುಡ್ಡದ ಅಂಚಿಗೆ ಬರುತ್ತಿದ್ದಾರೆ. ನಾಯಿಗಳ ಹಿಂಡು ತಲೆತಗ್ಗಿಸಿ ಹಿಂಬಾಲಿಸಿದೆ. ಇಡೀ ದಿನದ ಫಲವಾಗಿ ಒಂದು ಸಣ್ಣ ನರಿ ಒಬ್ಬನ ಬೆನ್ನ ಮೇಲೆ ತೂಗುತ್ತಿದೆ. ಎಡಗಡೆ ಛತ್ರದ ಮುಂದೆ ಬೆಂಕಿ ಉರಿಯುತ್ತಿದೆ. ಛತ್ರದ ಹೆಸರುಹಲಗೆಯು ಒಂದೇ ಕೊಂಡಿಯಲ್ಲಿ ವಾರೆಯಾಗಿ ನೇತಾಡುತ್ತಿದೆ. ಎಲೆಯಿಲ್ಲದ ಮರಗಳ ಸಾಲು ಕಣ್ಣನ್ನು ಕೆಳಕ್ಕೆ ಇಳಿಸಿಕೊಂಡು ಹೋಗುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹಸುರುನೀಲಿಯ ಕೆರೆಗಳ ಮೇಲೆ ಇರುವೆಗಳಷ್ಟು ಸಣ್ಣವರಾಗಿ ಜನರು ಜಾರಿ ಆಡುತ್ತಿದ್ದಾರೆ. ಅದರಾಚೆ ಫ್ಲಾಂಡರ್ಸಿನಲ್ಲಿಲ್ಲದ ಪರ್ವತಗಳು. ಒಂದು ಹಕ್ಕಿ ರೆಕ್ಕೆ ಚಾಚಿ ಕಣಿವೆಯ ಮೇಲೆ ತೇಲುತ್ತಿದೆ. ಬೇಟೆಗಾರರ ದಣಿವೂ ಆಟಗಾರರ ಉಲ್ಲಾಸವೂ ಒಂದೇ ಚಳಿಯೊಳಗೆ ಸೇರಿವೆ. ಪರಸ್ಪರರನ್ನು ಅರಿಯದ ಎರಡು ಜೀವನಗಳನ್ನು ಆ ಹಕ್ಕಿಯೊಂದೇ ಒಟ್ಟಿಗೆ ನೋಡುತ್ತದೆ. ಅಷ್ಟಾದಶವರ್ಣನೆಗಳಲ್ಲಿ ಋತುವರ್ಣನೆಯನ್ನು ಕಡ್ಡಾಯವಾಗಿ ತಂದು ತುರುಕುವ ಕವಿಗಳಿಗೆ ಈ ಚಿತ್ರವು ಪಾಠವಾಗಬಲ್ಲುದು. ಇಲ್ಲಿ ಋತುವೇ ಕಥೆಯ ನಾಯಕ.

ಇದು ಒಂಟಿ ಚಿತ್ರವಲ್ಲ. ವರ್ಷದ ಕಾಲಗಳನ್ನು ತೋರಿಸುವ ಮಾಲೆಯೊಂದನ್ನು ಆಂಟ್ವರ್ಪ್ ಪಟ್ಟಣದ ನಿಕ್ಲಾಸ್ ಯೋಂಗೆಲಿಂಕ್ ಎಂಬ ಶ್ರೀಮಂತ ವರ್ತಕನು ತನ್ನ ಮನೆಗಾಗಿ ಬರೆಯಿಸಿದನು. ಮರುವರ್ಷವೇ, ೧೫೬೬ರಲ್ಲಿ, ಅವನು ಇನ್ನೊಬ್ಬನ ಸಾಲಕ್ಕೆ ಹೊಣೆನಿಂತು ತನ್ನ ಚಿತ್ರಗಳನ್ನು ಪಟ್ಟಣಕ್ಕೆ ಅಡವಿಟ್ಟನು. ೧೫೯೪ರಲ್ಲಿ ಪಟ್ಟಣವು ಈ ಮಾಲೆಯನ್ನು ಹ್ಯಾಬ್ಸ್‌ಬರ್ಗ್ ವಂಶದ ಎರ್ನ್‌ಸ್ಟ್ ಎಂಬವನಿಗೆ ಕಾಣಿಕೆಯಾಗಿ ಅರ್ಪಿಸಿತು. ಇಂದು ಮಾಲೆಯ ಐದು ಚಿತ್ರಗಳು ಮಾತ್ರ ಉಳಿದಿವೆ: ಮೂರು ವಿಯೆನ್ನಾದಲ್ಲಿ, ಒಂದು ಪ್ರಾಗ್ ನಗರದಲ್ಲಿ, ಒಂದು ನ್ಯೂಯಾರ್ಕಿನಲ್ಲಿ. ಹಿಮದ ಚಳಿಗೆ ಎದುರಾಗಿ ನಿಲ್ಲಬೇಕಾಗಿದ್ದ ಸುಗ್ಗಿಯ ಬಿಸಿಲು ಸಮುದ್ರದಾಚೆ ಇದೆ. ಹರಿದುಹೋದ ತಾಳೆಯೋಲೆಯ ಕಟ್ಟನ್ನು ಓದುವವನು ಇಲ್ಲದ ಗರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವಂತೆ, ಈ ಕೋಣೆಯಲ್ಲಿ ಇರುವ ಚಿತ್ರಗಳನ್ನು ಇಲ್ಲದ ಚಿತ್ರಗಳ ಸಹಿತವಾಗಿ ನೋಡಬೇಕು. ವಸ್ತುವು ಬಂದ ದಾರಿಯು ರಸಕ್ಕೆ ಹೊರತಾದುದೆಂದು ಹೇಳುವವರಿಗೆ ಇದು ಮೊದಲನೆಯ ಉತ್ತರ.

ಎರಡನೆಯ ಉತ್ತರವನ್ನು ಸ್ಪೇನಿನ ವೆಲಾಸ್ಕೆಸ್ ಎಂಬ ಚಿತ್ರಕಾರನು ಕೊಡುತ್ತಾನೆ. ಮಾರ್ಗರೀಟಾ ಎಂಬ ರಾಜಪುತ್ರಿಯನ್ನು ಅವನು ಬರೆದ ಮೂರು ಚಿತ್ರಗಳು ಇಲ್ಲಿವೆ. ಮೊದಲನೆಯದರಲ್ಲಿ ಸುಮಾರು ಮೂರು ವರ್ಷದ ಮಗು, ಪಕ್ಕದಲ್ಲಿ ಹೂದಾನಿ. ಎರಡನೆಯದರಲ್ಲಿ ಬಿಳಿಯ ಉಡುಪಿನ ಐದು ವರ್ಷದವಳು. ೧೬೫೯ರ ಮೂರನೆಯದರಲ್ಲಿ ನೀಲಿಯ ರೇಷ್ಮೆಯಲ್ಲಿ ಮುಳುಗಿದ ಎಂಟು ವರ್ಷದವಳು. ಹತ್ತಿರ ಹೋದರೆ ಕುಂಚದ ಒರಟು ಗೀರುಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಆ ಗೀರುಗಳೇ ರೇಷ್ಮೆಯಾಗಿ, ಬೆಳ್ಳಿಯಾಗಿ ಹೊಳೆಯುತ್ತವೆ. ಈ ಚಮತ್ಕಾರವನ್ನು ಮೆಚ್ಚಿ ಮುಂದೆ ಹೋಗಬಹುದು. ಆದರೆ ಮಾಡ್ರಿಡ್ ನಗರದ ಈ ಮಗುವಿನ ಚಿತ್ರಗಳು ವಿಯೆನ್ನಾಕ್ಕೆ ಏಕೆ ಬಂದುವು? ಇವಳು ಲಿಯೊಪೋಲ್ಡ್ ಚಕ್ರವರ್ತಿಗೆ ವಾಗ್ದತ್ತಳಾದವಳು. ಅವನು ಇವಳ ತಾಯಿಯ ತಮ್ಮ. ಸೋದರಮಾವನಿಗೆ ಹೆಣ್ಣು ಕೊಡುವ ಸಂಬಂಧವು ಕನ್ನಡ ನಾಡಿನ ಮನೆಗಳಿಗೆ ಹೊಸದಲ್ಲ. ಹೆಣ್ಣು ಬೆಳೆಯುತ್ತಿರುವುದನ್ನು ವರನ ಮನೆಗೆ ತಿಳಿಸಲು ಕಾಲಕಾಲಕ್ಕೆ ಕಳುಹಿದ ಪತ್ರಗಳೇ ಈ ಚಿತ್ರಗಳು. ೧೬೬೬ರಲ್ಲಿ ಮದುವೆಯಾಯಿತು, ೧೬೭೩ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವಳು ಅದೇ ವಿಯೆನ್ನಾದಲ್ಲಿ ತೀರಿಕೊಂಡಳು. ಇಷ್ಟನ್ನು ತಿಳಿದು ಮತ್ತೆ ನೋಡಿದರೆ, ಆ ನೀಲಿಯ ಉಡುಪಿನ ಅಗಾಧ ವಿಸ್ತಾರವೂ ಅದರ ಮೇಲಿನ ಪುಟ್ಟ ಮುಖವೂ ಬೇರೆಯೇ ಆಗಿ ತೋರುತ್ತವೆ. ಬಣ್ಣವೊಂದೂ ಬದಲಾಗಲಿಲ್ಲ, ಶೃಂಗಾರದ ಆಲಂಬನವೆಂದು ಕಳುಹಿಸಿದುದು ಕರುಣದ ಆಲಂಬನವಾಯಿತು.

ಭಾರತದಿಂದ ಬಂದವರನ್ನು ನಿಲ್ಲಿಸಿ ಯೋಚಿಸುವಂತೆ ಮಾಡುವ ಸ್ಥಳವು ನಗರದ ಪಶ್ಚಿಮಕ್ಕಿರುವ ಷೋನ್‌ಬ್ರುನ್ ಅರಮನೆ. ಮರಿಯಾ ಥೆರೇಸಾ ರಾಣಿಯ ಕಾಲದಲ್ಲಿ ಅಲ್ಲಿನ ಒಂದು ಕೋಣೆಗೆ ಬೆಲೆಬಾಳುವ ಮರದ ಹಲಗೆಗಳನ್ನು ಹೊದಿಸಿದರು; ಆ ಬೆಡಗಿನಿಂದಲೇ ಅದಕ್ಕೆ ದಶಲಕ್ಷದ ಕೋಣೆಯೆಂಬ ಹೆಸರು ಬಂತು. ಹಲಗೆಗಳ ನಡುವೆ ಚಿನ್ನದ ಬಳ್ಳಿಕಟ್ಟುಗಳೊಳಗೆ ಭಾರತ ಪರ್ಷಿಯಾ ಶೈಲಿಯ ಕಿರುಚಿತ್ರಗಳನ್ನು ಕೂರಿಸಿದ್ದಾರೆ. ಮೊಗಲರ ಕಾಲದ ದರ್ಬಾರುಗಳು, ಬೇಟೆಗಳು, ಸಾಧುಗಳು, ಅಂತಃಪುರದ ಸ್ತ್ರೀಯರು ಎಲ್ಲರೂ ಅಲ್ಲಿದ್ದಾರೆ. ಆದರೆ ಹೇಗಿದ್ದಾರೆ? ರಾಜಮನೆತನದವರೇ ಮೂಲಚಿತ್ರಗಳನ್ನು ಕತ್ತರಿಯಿಂದ ಕತ್ತರಿಸಿ, ತುಂಡುಗಳನ್ನು ತಮಗೆ ತೋರಿದಂತೆ ಜೋಡಿಸಿ ಅಂಟಿಸಿದ್ದಾರೆ. ಒಂದು ಚಿತ್ರದ ಮರದ ಕೆಳಗೆ ಇನ್ನೊಂದು ಚಿತ್ರದ ಮನುಷ್ಯನು ಕುಳಿತಿದ್ದಾನೆ. ಇದರಲ್ಲಿ ದ್ವೇಷವೇನೂ ಇರಲಿಲ್ಲ; ಪ್ರೀತಿಯೇ ಇತ್ತು. ಬಣ್ಣಗಳನ್ನು ಮೆಚ್ಚಿದ್ದರಿಂದಲೇ ಅಷ್ಟು ಬೆಲೆಯ ಚೌಕಟ್ಟಿನಲ್ಲಿ ಕೂರಿಸಿದರು. ಪದ್ಯಗಳು ಇಂಪಾಗಿವೆಯೆಂದು ನಾಲ್ಕು ಕಾವ್ಯಗಳನ್ನು ಹರಿದು ಒಂದು ಹೊತ್ತಗೆಯನ್ನು ಹೊಲಿಸಿದಂತಾಯಿತು. ಅರಿವಿಲ್ಲದ ಪ್ರೀತಿಯು ಕಲೆಗೆ ಮಾಡಬಹುದಾದ ಹಾನಿಗೆ ಇದಕ್ಕಿಂತ ಸುಂದರವಾದ ಉದಾಹರಣೆ ಸಿಕ್ಕಲಾರದು.

ಇದರ ಪಕ್ಕದಲ್ಲಿ ಇನ್ನೊಂದು ಪ್ರೀತಿಯನ್ನು ಇಟ್ಟು ನೋಡಬೇಕು. ಸುಮಾರು ನೂರು ವರ್ಷಗಳ ಹಿಂದೆ, ಹಾಲೆಂಡಿನ ರೆಂಬ್ರಾಂಟನು ಮೊಗಲ ಕಿರುಚಿತ್ರಗಳನ್ನು ಮುಂದಿಟ್ಟುಕೊಂಡು ತನ್ನ ಕೈಯಿಂದ ಪ್ರತಿಮಾಡಿದನು; ಅಂತಹ ಇಪ್ಪತ್ತಕ್ಕೂ ಹೆಚ್ಚಿನ ರೇಖಾಚಿತ್ರಗಳು ಉಳಿದಿವೆ. ಮರದ ಕೆಳಗೆ ಕುಳಿತ ನಾಲ್ವರು ವೃದ್ಧರ ಒಂದು ಪ್ರತಿಗೆ ಹೊಂದುವ ಮೂಲವನ್ನು ವಿದ್ವಾಂಸರು ಇದೇ ಷೋನ್‌ಬ್ರುನ್ನಿನಲ್ಲಿ ಗುರುತಿಸಿದ್ದಾರೆ. ರೆಂಬ್ರಾಂಟನೂ ಅದನ್ನು ತನ್ನ ರೀತಿಯಲ್ಲಿ ಮಾರ್ಪಡಿಸಿದನು, ಆದರೆ ಮೂಲಕ್ಕೆ ಕತ್ತರಿ ತಾಗಿಸಲಿಲ್ಲ. ಕೊಂಡವರಿಗೂ ಕಲಿತವನಿಗೂ ಇರುವ ಅಂತರ ಇದು. ಇನ್ನು ಅಕ್ಬರ್ ಚಕ್ರವರ್ತಿಯು ಬಟ್ಟೆಯ ಮೇಲೆ ಬರೆಯಿಸಿದ ‘ಹಮ್ಜಾನಾಮಾ’ದ ಮಾತು. ಸುಮಾರು ೧೪೦೦ ಚಿತ್ರಗಳಿದ್ದ ಆ ಮಹಾಕೃತಿಯಲ್ಲಿ ಇಂದು ಲೋಕದಲ್ಲೆಲ್ಲ ಸೇರಿ ಇನ್ನೂರಕ್ಕಿಂತ ಕಡಿಮೆ ಉಳಿದಿವೆ. ಅವುಗಳಲ್ಲಿ ೬೦ ಹಾಳೆಗಳು ವಿಯೆನ್ನಾದ ಅನ್ವಯಿಕಕಲೆಗಳ ಸಂಗ್ರಹಾಲಯದಲ್ಲಿವೆ. ೧೮೭೩ರಲ್ಲಿ ಅದೇ ನಗರದಲ್ಲಿ ನಡೆದ ಜಾಗತಿಕ ಪ್ರದರ್ಶನದಲ್ಲಿ ಅವನ್ನು ಪರ್ಷಿಯಾದವರಿಂದ ಕೊಂಡರು. ಒಂದೇ ಊರಿನಲ್ಲಿ ಮೊಗಲ ಚಿತ್ರವು ಅರಮನೆಯ ಗೋಡೆಗೆ ಅಲಂಕಾರವಾಗಿಯೂ, ಸಂಗ್ರಹಾಲಯದಲ್ಲಿ ಅಧ್ಯಯನಕ್ಕೆ ಯೋಗ್ಯವಾದ ಕೃತಿಯಾಗಿಯೂ ಇದೆ. ನೂರು ವರ್ಷಗಳಲ್ಲಿ ಯೂರೋಪಿನ ಕಣ್ಣು ಎಷ್ಟು ಕಲಿತಿತೆಂಬುದನ್ನು ಇವೆರಡರ ನಡುವೆ ಅಳೆಯಬಹುದು.

ಕಲಾಚರಿತ್ರೆಯ ಸಂಗ್ರಹಾಲಯಕ್ಕೆ ಮರಳಿದರೆ, ಹಾಲೆಂಡಿನ ವರ್ಮೀರನ ‘ಚಿತ್ರಕಲೆ’ ಎಂಬ ಚಿತ್ರವು ಎದುರಾಗುತ್ತದೆ. ತೆರೆ ಸರಿಸಿದಂತೆ ಒಂದು ಕೋಣೆ. ಎಡದಿಂದ ಬೀಳುವ ಬೆಳಕು. ಬೆನ್ನು ತೋರಿಸಿ ಕುಳಿತ ಚಿತ್ರಕಾರ. ಅವನೆದುರು ಎಲೆಗಳ ಕಿರೀಟವನ್ನು ಧರಿಸಿ, ಕಹಳೆಯನ್ನೂ ಗ್ರಂಥವನ್ನೂ ಹಿಡಿದು ನಿಂತ ಹುಡುಗಿ. ಅವಳು ಗ್ರೀಕರ ಕಲಾದೇವತೆಗಳಲ್ಲಿ ಚರಿತ್ರೆಗೆ ಅಧಿದೇವತೆಯಾದ ಕ್ಲಿಯೋ. ಹಿಂದಿನ ಗೋಡೆಯ ಮೇಲೆ ನೆದರ್ಲೆಂಡ್ಸಿನ ಹದಿನೇಳು ಪ್ರಾಂತಗಳ ಹಳೆಯ ಭೂಪಟ. ತೂಗುದೀಪದ ಮೇಲೆ ಹ್ಯಾಬ್ಸ್‌ಬರ್ಗರ ಇತ್ತಲೆಯ ಗರುಡ. ಚರಿತ್ರೆಯನ್ನು ಕುರಿತ ಈ ಚಿತ್ರದ ಸ್ವಂತ ಚರಿತ್ರೆಯೂ ಕೇಳತಕ್ಕದ್ದೇ. ೧೬೭೫ರಲ್ಲಿ ವರ್ಮೀರನು ಸಾಲಗಾರನಾಗಿ ಸತ್ತಾಗ, ಅವನ ವಿಧವೆಯು ಇದನ್ನು ಉಳಿಸಿಕೊಳ್ಳಲು ತಾಯಿಯ ಹೆಸರಿಗೆ ಮಾಡಿಕೊಟ್ಟಳು. ೧೮೧೩ರಲ್ಲಿ ಚೆರ್ನಿನ್ ಎಂಬ ಮನೆತನದ ಕೈಸೇರಿದಾಗ ಇದನ್ನು ಬೇರೊಬ್ಬನ ಕೃತಿಯೆಂದು ಎಣಿಸುತ್ತಿದ್ದರು. ೧೮೬೦ರಲ್ಲಿಯೇ ವರ್ಮೀರನ ಹೆಸರು ಮತ್ತೆ ಬಂತು. ೧೯೪೦ರಲ್ಲಿ ಹಿಟ್ಲರನು ಇದನ್ನು ಆ ಮನೆತನದಿಂದ ೧೬ ಲಕ್ಷ ೫೦ ಸಾವಿರ ಮಾರ್ಕುಗಳಿಗೆ ಕೊಂಡನು. ೧೯೪೫ರಲ್ಲಿ ಇದು ಆಲ್ಟೌಸ್ಸೇ ಎಂಬಲ್ಲಿನ ಉಪ್ಪಿನ ಗಣಿಯಲ್ಲಿ ಸಿಕ್ಕಿ, ಯುದ್ಧಾನಂತರ ವಿಯೆನ್ನಾದ ಪಾಲಾಯಿತು. ಒತ್ತಾಯದ ಮಾರಾಟವಾಗಿತ್ತೆಂದು ವಾರಸುದಾರರು ಹೂಡಿದ ಬೇಡಿಕೆಯನ್ನು ೨೦೧೧ರಲ್ಲಿ ಸರಕಾರದ ಸಲಹಾಮಂಡಲಿಯು ಒಪ್ಪಲಿಲ್ಲ. ಚಿತ್ರದೊಳಗಿನ ಕ್ಲಿಯೋ ಇನ್ನೂ ಗ್ರಂಥವನ್ನು ಮುಚ್ಚಿಕೊಂಡೇ ನಿಂತಿದ್ದಾಳೆ.

ಎಲ್ಲ ಪ್ರಕರಣಗಳೂ ಹೀಗೆ ಮುಗಿಯಲಿಲ್ಲ. ಮೇಲೆ ಹೇಳಿದ ಬೆಲ್ವೆಡೇರ್ ಸೌಧವು ಈಗ ಆಸ್ಟ್ರಿಯಾದ ಸ್ವದೇಶೀ ಕಲೆಗೆ ಮನೆಯಾಗಿದೆ. ಕ್ಲಿಮ್ಟನ ‘ಚುಂಬನ’ವನ್ನು ನೋಡಲು ಲೋಕವೆಲ್ಲ ಅಲ್ಲಿಗೆ ಬರುತ್ತದೆ. ಅದಕ್ಕೆ ಒಡಹುಟ್ಟಿದಂತಹ ಇನ್ನೊಂದು ಚಿನ್ನದ ಚಿತ್ರವು ಮಾತ್ರ ಅಲ್ಲಿಲ್ಲ. ಅದು ೧೯೦೭ರಲ್ಲಿ ಬರೆದ ಅಡೆಲೆ ಬ್ಲೋಖ್ ಬೌವರ್ ಎಂಬ ಯೆಹೂದಿ ಗೃಹಿಣಿಯ ಪ್ರತಿಕೃತಿ. ೧೯೨೫ರಲ್ಲಿ ಸಾಯುವ ಮುನ್ನ, ಗಂಡನು ತನ್ನ ಕಾಲಾನಂತರ ಚಿತ್ರಗಳನ್ನು ಈ ಸಂಗ್ರಹಾಲಯಕ್ಕೆ ಕೊಡಲೆಂದು ಅವಳು ಮರಣಪತ್ರದಲ್ಲಿ ಕೋರಿದ್ದಳು. ೧೯೩೮ರಲ್ಲಿ ಹಿಟ್ಲರನು ಆಸ್ಟ್ರಿ‌ಯಾವನ್ನು ನುಂಗಿದಾಗ ಗಂಡನು ದೇಶಬಿಟ್ಟು ಓಡಬೇಕಾಯಿತು, ಆಸ್ತಿಯು ಸುಲಿಗೆಯಾಯಿತು, ಚಿತ್ರವು ಸಂಗ್ರಹಾಲಯವನ್ನು ಸೇರಿತು. ಆ ಆಡಳಿತದಲ್ಲಿ ಅವಳ ಹೆಸರನ್ನು ಬಿಟ್ಟು, ಹೊನ್ನಿನ ನಡುವಣ ಒಬ್ಬ ಸ್ತ್ರೀಯೆಂಬಷ್ಟೇ ಅರ್ಥ ಬರುವ ಹೆಸರಿನಿಂದ ಚಿತ್ರವನ್ನು ತೋರಿಸಿದರು. ರೂಪವು ಬೇಕಾಗಿತ್ತು, ಹೆಸರು ಬೇಡವಾಗಿತ್ತು. ಮುಂದೆ ಅವಳ ಸೋದರಿಯ ಮಗಳಾದ ಮರಿಯಾ ಆಲ್ಟ್‌ಮನ್ ಎಂಬ ವೃದ್ಧೆಯು ವ್ಯಾಜ್ಯವನ್ನು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದ ವರೆಗೆ ನಡೆಸಿದಳು. ೨೦೦೬ರ ಜನವರಿಯಲ್ಲಿ ಆಸ್ಟ್ರಿಯಾದ ಪಂಚಾಯಿತರು ಚಿತ್ರಗಳು ಗಂಡನ ಸ್ವತ್ತೆಂದೂ ಅವನ ವಾರಸುದಾರರಿಗೆ ಸಲ್ಲತಕ್ಕವೆಂದೂ ತೀರ್ಪಿತ್ತರು. ಕ್ಲಿಮ್ಟನ ಐದು ಚಿತ್ರಗಳು ಹೊರಟುಹೋದುವು; ಅಡೆಲೆಯು ಈಗ ನ್ಯೂಯಾರ್ಕಿನಲ್ಲಿದ್ದಾಳೆ.

ಈ ತೀರ್ಪಿನಿಂದ ನಷ್ಟವೇ ಆಗಲಿಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಆ ಚಿತ್ರವು ಹುಟ್ಟಿದ ಊರು ವಿಯೆನ್ನಾ. ಅಲ್ಲಿನ ಬೆಳಕು, ಅಲ್ಲಿನ ಸಂಗೀತ, ಅಲ್ಲಿನ ಮನೆಗಳ ಸಂಜೆಮಾತು ಅದರೊಳಗಿವೆ. ಅಡೆಲೆಯ ಸ್ವಂತ ಇಚ್ಛೆಯೂ ಅದು ಅಲ್ಲಿಯೇ ಇರಲೆಂಬುದಾಗಿತ್ತು. ಆದರೆ ಅವಳು ಅದನ್ನು ಕೊಡಬಯಸಿದ ವಿಯೆನ್ನಾ ಒಂದು, ಅದನ್ನು ಕಸಿದುಕೊಂಡ ವಿಯೆನ್ನಾ ಇನ್ನೊಂದು. ದಾನವಾಗಿ ಬರಬೇಕಾಗಿದ್ದುದನ್ನು ಸುಲಿಗೆಯಾಗಿ ಪಡೆದ ಮೇಲೆ ಆ ದಾನವನ್ನು ಕೇಳುವ ಹಕ್ಕು ಉಳಿಯುವುದೆ? ಇಂತಹ ಪ್ರಶ್ನೆಗಳನ್ನು ಎದುರಿಸಲೆಂದೇ ೧೯೯೮ರಲ್ಲಿ ಆಸ್ಟ್ರಿಯಾವು ಕಲಾವಸ್ತುಗಳನ್ನು ಹಿಂದಿರುಗಿಸುವ ಕಾನೂನನ್ನು ಮಾಡಿತು.

ಇನ್ನೊಂದು ಬಗೆಯ ಪರಿಹಾರವನ್ನು ೨೦೦೧ರಲ್ಲಿ ತೆರೆದ ಲಿಯೊಪೋಲ್ಡ್ ಸಂಗ್ರಹಾಲಯದಲ್ಲಿ ನೋಡಬಹುದು. ಈಗೋನ್ ಷೀಲೆ ಎಂಬ ಅಲ್ಪಾಯುವಾದ ಚಿತ್ರಕಾರನು ೧೯೧೨ರಲ್ಲಿ ವಾಲಿ ಎಂಬ ತನ್ನ ಗೆಳತಿಯನ್ನು ಬರೆದನು. ತುಸು ವಾಲಿದ ತಲೆ, ಅಗಲವಾದ ನೀಲಿಗಣ್ಣುಗಳು, ನೇರವಾದ ನೋಟ. ಈ ಚಿತ್ರವನ್ನು ಲೇಯಾ ಬೋಂಡಿ ಎಂಬ ಯೆಹೂದಿ ವ್ಯಾಪಾರಿಣಿಯಿಂದ ನಾಟ್ಸಿಗಳ ಕಾಲದಲ್ಲಿ ಕಿತ್ತುಕೊಂಡಿದ್ದರು. ೧೯೯೮ರಲ್ಲಿ ಪ್ರದರ್ಶನಕ್ಕೆಂದು ನ್ಯೂಯಾರ್ಕಿಗೆ ಹೋದಾಗ ಅಲ್ಲಿ ಇದನ್ನು ತಡೆಹಿಡಿದರು. ೨೦೧೦ರಲ್ಲಿ ವಾರಸುದಾರರಿಗೆ ೧ ಕೋಟಿ ೯೦ ಲಕ್ಷ ಡಾಲರುಗಳನ್ನು ಸಲ್ಲಿಸಿ ಸಂಗ್ರಹಾಲಯವು ಚಿತ್ರವನ್ನು ಉಳಿಸಿಕೊಂಡಿತು. ಒಪ್ಪಂದದಲ್ಲಿ ಹಣದ ಜೊತೆಗೆ ಮತ್ತೊಂದು ನಿಬಂಧನೆಯಿತ್ತು: ಚಿತ್ರವು ಎಲ್ಲಿ ತೂಗಿದರೂ ಅದರ ನಿಜವಾದ ಒಡೆತನದ ಕಥೆಯನ್ನು ಹೇಳುವ ಫಲಕವು ಪಕ್ಕದಲ್ಲಿರತಕ್ಕದ್ದು. ಹೀಗಾಗಿ ವಾಲಿಯ ಮುಖವನ್ನು ನೋಡುವವರು ಲೇಯಾ ಬೋಂಡಿಯ ಹೆಸರನ್ನೂ ಓದುತ್ತಾರೆ.

ಇದೇ ಪ್ರಶ್ನೆಯು ಸಮುದ್ರವನ್ನು ದಾಟಿದಾಗ ಇನ್ನೂ ಕಠಿನವಾಗುತ್ತದೆ. ವಿಯೆನ್ನಾದ ವಿಶ್ವಸಂಗ್ರಹಾಲಯದಲ್ಲಿ ಮೆಕ್ಸಿಕೋ ದೇಶದ ಪ್ರಾಚೀನರು ಹಸುರು ಗರಿಗಳಿಂದಲೂ ಚಿನ್ನದಿಂದಲೂ ಮಾಡಿದ ಶಿರೋಭೂಷಣವೊಂದಿದೆ. ಅದು ೧೫೯೬ರ ಹ್ಯಾಬ್ಸ್‌ಬರ್ಗ್ ಪಟ್ಟಿಯಲ್ಲಿ ಕಾಣಬರುತ್ತದೆ. ಮೆಕ್ಸಿಕೋ ಅದನ್ನು ಬಹುಕಾಲದಿಂದ ಕೇಳುತ್ತಲಿದೆ. ೨೦೧೦ರಿಂದ ಎರಡು ದೇಶಗಳ ತಜ್ಞರು ಕೂಡಿ ಪರೀಕ್ಷಿಸಿ, ಪ್ರಯಾಣದ ಅದುರುವಿಕೆಯನ್ನು ಆ ಗರಿಗಳು ತಾಳಲಾರವೆಂದು ಕಂಡರು. ಹಕ್ಕಿನ ಮಾತು ತೀರುವ ಮೊದಲೇ ವಸ್ತುವು ಕೃಶವಾಗಿಹೋಯಿತು.

ಇಂತಹ ಕಡೆಗಳಲ್ಲಿ ಎರಡು ಪಕ್ಷಗಳು ಏರ್ಪಟ್ಟಿವೆ. ಕಲೆಯು ದೇಶಕಾಲಗಳನ್ನು ಮೀರಿದುದು, ಒಡೆತನದ ಗೊಡವೆಯು ವಕೀಲರಿಗಿರಲಿ ಎನ್ನುವುದು ಒಂದು ಪಕ್ಷ. ಅನ್ಯಾಯದಿಂದ ಬಂದುದನ್ನು ನೋಡಿ ಸಂತೋಷಪಡುವುದೂ ಅನ್ಯಾಯವೇ ಎನ್ನುವುದು ಇನ್ನೊಂದು. ಮೊದಲನೆಯವರು ಅಡೆಲೆಯ ಹೆಸರನ್ನು ಅಳಿಸಿದವರ ನೆರೆಹೊರೆಗೆ ತಮಗರಿವಿಲ್ಲದೆಯೇ ಹೋಗಿ ನಿಲ್ಲುತ್ತಾರೆ. ಎರಡನೆಯವರು ಹಿಮದ ಮೇಲಿನ ಆ ಹಕ್ಕಿಯನ್ನು ನೋಡುವುದನ್ನೇ ಮರೆಯುತ್ತಾರೆ. ಇಬ್ಬರಿಗೂ ಕನ್ನಡ ನಾಡಿನ ಗುಡಿಗಳ ಅಂಗಳದಲ್ಲಿರುವ ಶಾಸನಕಲ್ಲು ಮೇಲ್ಪಂಕ್ತಿಯಾಗಬಹುದು. ಒಳಗೆ ಮೂರ್ತಿ, ಹೊರಗೆ ಕಲ್ಲು. ಕೊಟ್ಟವರು ಯಾರು, ಯಾವ ವರ್ಷ, ಸಾಕ್ಷಿಗಳು ಯಾರು ಎಂಬುದೆಲ್ಲ ಅದರಲ್ಲಿ ಕೆತ್ತಿರುತ್ತದೆ. ಅಪಹರಿಸಿದವರಿಗೆ ಶಾಪವೂ ಉಂಟು. ಮೂರ್ತಿಗೆ ಕೈಮುಗಿದವನು ಕಲ್ಲನ್ನು ಓದಬಾರದೆಂಬ ನಿಯಮವಿಲ್ಲ. ಕಲ್ಲನ್ನು ಓದಿದುದರಿಂದ ಮೂರ್ತಿಯ ಸೌಂದರ್ಯವು ಕುಂದಿದುದೂ ಇಲ್ಲ.

ವಿಯೆನ್ನಾಕ್ಕೆ ಹೋಗತಕ್ಕವರು ಈ ಎರಡನ್ನೂ ಮಾಡುವಷ್ಟು ಬಿಡುವನ್ನು ಇಟ್ಟುಕೊಳ್ಳಬೇಕು. ಒಂದು ದಿನಕ್ಕೆ ಒಂದು ಸಂಗ್ರಹಾಲಯ, ಒಂದು ಸಂಗ್ರಹಾಲಯದಲ್ಲಿ ಐದಾರು ಚಿತ್ರಗಳು ಸಾಕು. ಮೊದಲು ಚಿತ್ರವನ್ನು, ಹೆಸರನ್ನೂ ಬೆಲೆಯನ್ನೂ ಮರೆತು, ಕಣ್ಣು ತಣಿಯುವ ವರೆಗೆ ನೋಡಬೇಕು. ಬಳಿಕ ಬದಿಯ ಫಲಕವನ್ನು ಓದಬೇಕು. ಅದರಲ್ಲಿ ಏನು ಹೇಳಿದೆ, ಯಾವ ವರ್ಷಗಳನ್ನು ಹಾರಿಸಿದೆ ಎಂದು ಗಮನಿಸಬೇಕು. ಆಮೇಲೆ ಮತ್ತೊಮ್ಮೆ ಚಿತ್ರದ ಕಡೆಗೆ ತಿರುಗಬೇಕು. ಮೊದಲ ನೋಟಕ್ಕೂ ಮೂರನೆಯ ನೋಟಕ್ಕೂ ನಡುವೆ ಏನಾದರೂ ಬದಲಾಗಿದ್ದರೆ, ಮಹಾಸೋಪಾನವನ್ನು ಹತ್ತಿದ ಶ್ರಮವು ಸಾರ್ಥಕವಾಯಿತೆಂದು ತಿಳಿಯಬಹುದು.